ವಿಭೂತಿ ಹಚ್ಚಿಕೊಂಡ ಬ್ಯಾಟರಿ

ನಾನು ಒಂದು ಬ್ಯಾಟರಿ. ಗೋಡೆ ಗಡಿಯಾರದ ಬೆನ್ನಿನಲ್ಲಿ, ಟಾರ್ಚಿನ ಹೊಟ್ಟೆಯಲ್ಲಿ ಮಲಗುವ ದುಂಡನೆಯ ಸೆಲ್ಲುಗಳಿವೆಯಲ್ಲ, ಆ ಕುಲದವನಲ್ಲ. ನಾನು ಚೌಕದವನು. ಬೆಂಕಿಪೊಟ್ಟಣದಷ್ಟೇ ಎತ್ತರ, ಅದಕ್ಕಿಂತ ತುಸು ದಪ್ಪ. ತಲೆಯ ಮೇಲೆ ಎರಡು ಗುಬುಟುಗಳು. ಒಂದು ಸಣ್ಣದು, ದುಂಡಗೆ. ಇನ್ನೊಂದು ದೊಡ್ಡದು, ಹೂವಿನಂತೆ ಅಂಚು ಬಿರಿದದ್ದು. ನನ್ನೊಳಗಿನ ಶಕ್ತಿ ದುಂಡನೆಯದರಿಂದ ಹೊರಟು, ಊರೆಲ್ಲ ಸುತ್ತಿ, ಹೂವಿನೊಳಕ್ಕೆ ಬಂದು ಸೇರುತ್ತದೆ. ನನ್ನ ಸುಖ, ನನ್ನ ಸಂಕಟ ಎಲ್ಲ ಈ ಎರಡರ ನಡುವೆ ನಡೆದದ್ದು.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ. ನಾನು ಮರುಹುಟ್ಟಿನವನು! ನೋಡಲು ಥೇಟ್ ನನ್ನಂತೆಯೇ ಇರುವ ಬ್ಯಾಟರಿಗಳು ಅಂಗಡಿಯಲ್ಲಿ ರಾಶಿ ರಾಶಿ ಸಿಗುತ್ತವೆ. ಅವು ಒಂದೇ ಸಲ ಬದುಕಿ, ಒಂದೇ ಸಲ ಬರಿದಾಗಿ, ಕಸದ ಡಬ್ಬಿಗೆ ಹೋಗುತ್ತವೆ. ನಾನು ಹಾಗಲ್ಲ. ಬರಿದಾದಾಗ ಚಾರ್ಜರಿನ ಮಡಿಲಲ್ಲಿ ಕೂರಿಸಿದರೆ ಸಾಕು, ಬೆಳಗಾಗುವಷ್ಟರಲ್ಲಿ ಮತ್ತೆ ತುಂಬಿಕೊಂಡು ಏಳುತ್ತೇನೆ. ಎಷ್ಟು ಸಲ ಬರಿದಾದೆ, ಎಷ್ಟು ಸಲ ತುಂಬಿದೆ! ಒಂದು ಸಲವೂ ನನಗೆ ಅದು ಹಳತೆನಿಸಲಿಲ್ಲ.

ನಾನು ಹುಟ್ಟಿದ್ದು ದೂರದ ಯಾವುದೋ ಕಾರ್ಖಾನೆಯಲ್ಲಿ. ಏಳು ಪುಟ್ಟ ಸೆಲ್ಲುಗಳನ್ನು ಒಂದಕ್ಕೊಂದು ಬೆಸೆದು, ತಗಡಿನ ಅಂಗಿ ತೊಡಿಸಿ, ನನಗೆ ಆಕಾರ ಕೊಟ್ಟರು. ಒಂದೇ ಬಾಳಿನ ಆ ಬ್ಯಾಟರಿಗಳೊಳಗೆ ಆರೇ ಮಂದಿ. ಆದರೂ ಅವರ ಒತ್ತು, ನಿಮ್ಮ ಭಾಷೆಯಲ್ಲಿ ವೋಲ್ಟೇಜು, ನನಗಿಂತ ಒಂದು ಕೂದಲೆಳೆ ಹೆಚ್ಚು. ಇದು ನನ್ನ ಜಾತಿಗೆ ಹುಟ್ಟಿನಿಂದ ಬಂದದ್ದು. ಮುಂದೆ ಇದಕ್ಕಾಗಿ ನಾನು ಎಷ್ಟು ಮಾತು ಕೇಳಬೇಕಾಯಿತು ಎಂಬುದನ್ನು ನೀವೇ ನೋಡುವಿರಿ.

ಕಾರ್ಖಾನೆಯಿಂದ ಪೆಟ್ಟಿಗೆಯಲ್ಲಿ ಪಯಣ ಮಾಡಿ ಹುಬ್ಬಳ್ಳಿಯ ಒಂದು ಅಂಗಡಿಗೆ ಬಂದೆ. ಅಲ್ಲಿಂದ ನನ್ನನ್ನು ಕೊಂಡವರು ಧಾರವಾಡದ ಮುರಿಗೆಯ್ಯನವರು. ಅವರು ಪುರಾಣ ಹೇಳುವವರು. ಶ್ರಾವಣ ಬಂತೆಂದರೆ ತಿಂಗಳಿಡೀ ಸಂಜೆ ಸಂಜೆ ಮಠದ ಅಂಗಳದಲ್ಲಿ ಕುಳಿತು ಪದ್ಯ ಹಾಡಿ, ಅರ್ಥ ಬಿಡಿಸುವವರು. ವಯಸ್ಸಾಗಿ ದನಿ ಹಿಂದಿನ ಸಾಲಿಗೆ ಮುಟ್ಟದಾದಾಗ, ತಂತಿಯಿಲ್ಲದ ಒಂದು ಮೈಕು ತಂದಿದ್ದರು. ಆ ಮೈಕಿನ ಹೊಟ್ಟೆಯೇ ನನ್ನ ಮೊದಲ ಮನೆ.

ಅವರ ಮಗಳು ದಾನೇಶ್ವರಿ ಆಗ ಕಾಲೇಜಿನಲ್ಲಿದ್ದಳು. ಮೈಕಿನ ಉಸ್ತುವಾರಿ ಅವಳದು. ನನ್ನ ಹೊಟ್ಟೆಯ ಮೇಲೆ ಕೆಂಪು ಉಗುರುಬಣ್ಣದಲ್ಲಿ, ಪುರಾಣದ ಬ್ಯಾಟರಿ ಎಂಬ ಗುರುತಿಗೆ, ‘ಪು’ ಎಂದು ಬರೆದಿದ್ದಳು. ಮೈಕಿಗೆ ಹಾಕುವ ಮೊದಲು ಪ್ರತಿಸಲ ಅವಳದೊಂದು ಪರೀಕ್ಷೆ. ನನ್ನನ್ನು ತಲೆಕೆಳಗಾಗಿ ಹಿಡಿದು, ಎರಡೂ ಗುಬುಟುಗಳನ್ನು ನಾಲಿಗೆಯ ತುದಿಗೆ ಮುಟ್ಟಿಸುವುದು! ನಾನು ತುಂಬಿದ್ದರೆ ‘ಚುರ್’ ಎನ್ನುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿ ನಗುತ್ತಿದ್ದಳು.

“ಥೂ, ಹೊಲಸು! ನಾಲಿಗಿಗ್ಯಾಕ ಹಚ್ಚತಿಯವ್ವಾ ಅದನ್ನ?” ಎಂದು ಮುರಿಗೆಯ್ಯನವರು ಗದರುತ್ತಿದ್ದರು.

“ಚುರ್ ಅಂತು ಯಪ್ಪಾ. ಇವತ್ತ ಪೂರ್ತಿ ಅಧ್ಯಾಯ ಹೇಳಬಹುದ್ರಿ.”

ಆ ಸಂಜೆಗಳನ್ನು ನಾನು ಹೇಗೆ ಮರೆಯಲಿ? ಪದ್ಯ ಎತ್ತುವ ಮೊದಲು ಮುರಿಗೆಯ್ಯನವರು ಕಣ್ಣು ಮುಚ್ಚಿ ಒಂದು ಉಸಿರು ಒಳಗೆ ಎಳೆದು ಹಿಡಿಯುತ್ತಿದ್ದರು. ಅಂಗಳದಲ್ಲಿ ಕೂಸುಗಳೂ ಸುಮ್ಮನಾಗುತ್ತಿದ್ದವು. ಆ ಮೌನ ಮೈಕಿನ ಒಳಗಿದ್ದ ನನಗೆ ಎಲ್ಲರಿಗಿಂತ ಹತ್ತಿರ ಕೇಳುತ್ತಿತ್ತು. ಆಮೇಲೆ ದನಿ ಏಳುತ್ತಿತ್ತು, ತೇರು ಹತ್ತಿದ ದೊರೆಯಂತೆ, ಮೆಲ್ಲಗೆ, ಮೆಲ್ಲಗೆ, ಇದ್ದಕ್ಕಿದ್ದಂತೆ ಮುಗಿಲಿಗೆ! ಆ ದನಿಯನ್ನು ಹೊತ್ತು ಹೊರಗೆ ಕಳಿಸುವ ಕೆಲಸ ನನ್ನದು. ಹೊತ್ತದ್ದು ನಾನೋ, ನನ್ನನ್ನೇ ಅದು ಹೊತ್ತಿತೋ, ಆಗ ತಿಳಿಯುತ್ತಿರಲಿಲ್ಲ.

ದಾನೇಶ್ವರಿ ಎನ್‌ಸಿಸಿ ಸೇರಿ ಗುಂಡು ಹೊಡೆಯುವುದನ್ನು ಕಲಿತಳು. ಕೈ ಕೂಡಿತು, ಬಹುಮಾನ ಬಂತು, ಊರಾಚೆಯ ಶೂಟಿಂಗ್ ಕ್ಲಬ್ಬಿಗೂ ಹೋಗತೊಡಗಿದಳು. ಮನೆಯಲ್ಲಿ ಜಗಳ ಶುರುವಾಯಿತು. ನಾನು ಗೋಡೆಯ ಮಾಡದಲ್ಲಿ, ಮೈಕಿನೊಳಗೆ ಕುಳಿತು ಎಲ್ಲ ಕೇಳುತ್ತಿದ್ದೆ.

“ಪುರಾಣ ಹೇಳೋ ಮನಿ ಇದು. ಈ ಮನಿ ಮಗಳ ಕೈಯಾಗ ಪಿಸ್ತೂಲು?”

“ಯಪ್ಪಾ, ನಿಮ್ಮ ಪುರಾಣದಾಗ ಬಿಲ್ಲು ಹಿಡೀದಾವರು ಯಾರದಾರ ಹೇಳ್ರಿ ನೋಡೂಣು.”

“ಅವರು ದೇವರವ್ವಾ!”

“ಹಂಗಾರ ನಾನೂ ದೇವರ ಕೆಲಸಾನ ಮಾಡಾಕತ್ತೀನಿ.”

ಮುರಿಗೆಯ್ಯನವರಿಗೆ ನಗು ಬಂದರೂ ಮೀಸೆಯಲ್ಲೇ ಹಿಡಿದುಕೊಂಡರು. “ನೀ ಹೋಗಾಕಿ ಹೋಗು. ನಾ ಮಾತ್ರ ಆ ಗುಂಡಿನ ಜಾಗಕ್ಕ ಕಾಲಿಡಾಂಗಿಲ್ಲ,” ಎಂದರು. ಅಷ್ಟಕ್ಕೆ ಆ ಮಾತು ನಿಂತಿತು. ಅವಳು ಹೋದಳು. ಅವರು ಹೋಗಲಿಲ್ಲ.

ಮುಂದೆ ಭಕ್ತರು ಮಠಕ್ಕೆ ಹೊಸ ಮೈಕು ತಂದುಕೊಟ್ಟರು. ಅದರ ಬ್ಯಾಟರಿ ಅದರ ಒಳಗೇ ಇತ್ತು, ನನ್ನ ಹಂಗಿಲ್ಲ. ನಾನು ಮಾಡದಲ್ಲಿ ಉಳಿದೆ. ಕೆಲಸವಿಲ್ಲದಿದ್ದರೂ ನನ್ನೊಳಗಿನ ಶಕ್ತಿ ತಾನಾಗಿಯೇ ಹನಿ ಹನಿಯಾಗಿ ಸೋರಿಹೋಗುತ್ತದೆ, ಅದೂ ನನ್ನ ಜಾತಿಯ ಗುಣ. ಹಾಗೆ ಬರಿದಾಗುತ್ತಿದ್ದ ನನ್ನನ್ನು ಒಂದು ದಿನ ದಾನೇಶ್ವರಿ ಎತ್ತಿಕೊಂಡು ನಾಲಿಗೆಗೆ ಮುಟ್ಟಿಸಿದಳು. ಚುರ್ ಎನ್ನಲಿಲ್ಲ. “ಬಾ, ನಿನಗ ಹೊಸ ಕೆಲಸ ಐತಿ,” ಎಂದು ಚಾರ್ಜರಿನ ಸಮೇತ ಚೀಲಕ್ಕೆ ಹಾಕಿಕೊಂಡಳು.

ಆಹಾ, ಆ ಹೊಸ ಲೋಕವನ್ನು ಏನೆಂದು ಹೇಳಲಿ! ಊರಿನಾಚೆ ಹಳೆಯ ಕಲ್ಲಿನ ಖಣಿ. ಮೂರು ಕಡೆ ಕಡಿದ ಬಂಡೆಗಳ ಗೋಡೆ, ಮುಂದೆ ಮಣ್ಣಿನ ದಿಬ್ಬ. ದಿಬ್ಬದ ಬುಡದಲ್ಲಿ ತಟ್ಟೆಯಷ್ಟಗಲದ ಆರು ಉಕ್ಕಿನ ತಗಡುಗಳು ಸಾಲಾಗಿ ನಿಂತಿದ್ದವು. ಗುಂಡು ತಾಗಿದರೆ ‘ಟಣ್’ ಎಂದು ಘಂಟೆಯಂತೆ ಬಾರಿಸಿ ಹಿಂದಕ್ಕೆ ಮಲಗುತ್ತಿದ್ದವು. ಅಲ್ಲಿನ ತರಬೇತುದಾರರು ಬಾಳಪ್ಪ ಸುಭೇದಾರರು. ಸೈನ್ಯದಿಂದ ನಿವೃತ್ತರಾಗಿ ಬಂದವರು. ಮೀಸೆ ದಪ್ಪ, ದನಿ ಅದಕ್ಕಿಂತ ದಪ್ಪ.

“ಸುಭೇದಾರ್ ಕಾಕಾ, ಇದನ್ನ ಟೈಮರಿಗೆ ಹಾಕ್ರಿ. ಮತ್ತ ಮತ್ತ ಚಾರ್ಜ್ ಮಾಡಬಹುದು,” ಎಂದಳು ದಾನೇಶ್ವರಿ.

ಅವರು ನನ್ನನ್ನು ಎರಡು ಬೆರಳಲ್ಲಿ ಹಿಡಿದು ಮೂಗಿನ ಹತ್ತಿರ ತಂದು ನೋಡಿದರು. “ಇದೇನು, ತೊಳದು ತೊಳದು ಉಡೂ ಬನಿಯನ್ನೇನು? ಬ್ಯಾಟರಿ ಅಂದ್ರ ಹೊಸಾದು ಇರಬೇಕು ತಂಗಿ.”

“ಆ ಡಬ್ಬಿ ನೋಡ್ರಿ ಕಾಕಾ.”

ಮೂಲೆಯಲ್ಲಿ ಒಂದು ತಗಡಿನ ಡಬ್ಬಿ. ಅದರ ತುಂಬ ನನ್ನ ದಾಯಾದಿಗಳು, ಒಂದೇ ಬಾಳಿನವರು, ಬರಿದಾಗಿ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಕೆಲವರ ತಗಡಿನ ಅಂಗಿ ಸೀಳಿ ಬಿಳಿಯ ನೀರು ಒಸರಿತ್ತು. ಸುಭೇದಾರರು ಅತ್ತ ನೋಡಿದರು, ಇತ್ತ ನೋಡಿದರು, “ಹೂಂ, ಹಾಕಿ ನೋಡೂಣು,” ಎಂದರು.

ಟೈಮರ್ ಎಂದರೆ ಅಂಗೈಯಗಲದ ಪೆಟ್ಟಿಗೆ. ಸುಭೇದಾರರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಡೆಯುವವರ ಹಿಂದೆ ನಿಂತು, “ಸ್ಟ್ಯಾಂಡ್ ಬೈ!” ಎಂದು ಕೂಗಿ ಗುಂಡಿ ಒತ್ತುತ್ತಿದ್ದರು. ಒತ್ತಿದ ಕೂಡಲೇ ಅದು ಕೂಗುವುದಿಲ್ಲ. ತನಗೆ ತೋಚಿದಷ್ಟು ಹೊತ್ತು ಸುಮ್ಮನಿದ್ದು, ಥಟ್ಟನೆ ‘ಪೀಂ’ ಎನ್ನುತ್ತದೆ. ಆ ಕೂಗು ಕೇಳಿದ ಮೇಲೆಯೇ ಪಿಸ್ತೂಲು ಎತ್ತಬೇಕು. ಆಮೇಲೆ ಟೈಮರ್ ಕಿವಿಯಾಗುತ್ತದೆ. ಒಂದೊಂದು ಗುಂಡಿನ ಸದ್ದನ್ನೂ ಕೇಳಿ, ಕೊನೆಯದು ಹಾರಲು ಎಷ್ಟು ಹೊತ್ತು ಹಿಡಿಯಿತೆಂದು ಗಾಜಿನ ಮೇಲೆ ತೋರಿಸುತ್ತದೆ.

ಮೊದಲ ದಿನ ನಾನು ಆ ‘ಪೀಂ’ಗೆ ಮುಂಚಿನ ಮೌನವನ್ನು ಕೇಳಿ ಬೆರಗಾದೆ. ಇದು ನನಗೆ ಗೊತ್ತಿದ್ದ ಮೌನ! ಮುರಿಗೆಯ್ಯನವರು ಪದ್ಯ ಎತ್ತುವ ಮೊದಲು ಹಿಡಿಯುತ್ತಿದ್ದ ಉಸಿರು. ಖಣಿಯ ಬಂಡೆಗಳೂ ಕಿವಿ ನಿಮಿರಿಸಿದಂತೆ ಇರುತ್ತಿತ್ತು. ಆ ಮೌನದ ತುದಿಯಲ್ಲಿ ನನ್ನ ಶಕ್ತಿಯನ್ನೆಲ್ಲ ಒಂದೇ ಏಟಿಗೆ ಎಳೆದುಕೊಂಡು ಪೆಟ್ಟಿಗೆ ಕೂಗುತ್ತಿತ್ತು. ಟಣ್, ಟಣ್, ಟಣ್! ನನಗೆ ಕುಣಿಯುವಂತಾಗುತ್ತಿತ್ತು.

ಆದರೆ ಸುಭೇದಾರರ ಅನುಮಾನ ಹೋಗಲಿಲ್ಲ. ಆ ಟೈಮರನ್ನು ಮಾಡಿದವರು ಒಂದೇ ಬಾಳಿನವರ ಬಲವನ್ನು ಲೆಕ್ಕಕ್ಕೆ ಹಿಡಿದಿದ್ದರು. ನಾನು ಕೊರಳಮಟ್ಟ ತುಂಬಿದ್ದರೂ ಗಾಜಿನ ಮೂಲೆಯ ಪುಟ್ಟ ಬ್ಯಾಟರಿಯ ಚಿತ್ರ ಅರ್ಧವೇ ತುಂಬಿದಂತೆ ಕಾಣುತ್ತಿತ್ತು.

“ನೋಡ್ ತಂಗಿ, ಮುಂಜಾನೆ ಹಾಕೀನಿ, ಆಗಲೇ ಅರ್ಧ!”

“ಅದರ ಅರ್ಧ ಅಂದ್ರ ಪೂರ್ತಿ ಕಾಕಾ. ಸಂಜಿತನಾ ಹಂಗ ಇರ್ತದ ನೋಡ್ರಿ ಬೇಕಾರ.”

ಸಂಜೆಯ ತನಕ ಹಾಗೆಯೇ ಇತ್ತು. ಅವರು ಮೀಸೆ ಸವರಿಕೊಂಡರು.

ಆಮೇಲೊಮ್ಮೆ ನನ್ನನ್ನು ಕ್ರೋನೋಗ್ರಾಫಿಗೆ ಹಾಕಿದರು. ಅದು ಗುಂಡಿನ ವೇಗ ಅಳೆಯುವ ಯಂತ್ರ. ಮುಂದೊಂದು ಹಿಂದೊಂದು ಎರಡು ಕಣ್ಣು ಬಿಟ್ಟುಕೊಂಡು ಆಕಾಶ ನೋಡುತ್ತಾ ನಿಲ್ಲುತ್ತದೆ. ಮೇಲೆ ಗುಂಡು ಹಾಯ್ದರೆ ಮೊದಲ ಕಣ್ಣಿಂದ ಎರಡನೆಯದಕ್ಕೆ ನೆರಳು ಎಷ್ಟು ಬೇಗ ದಾಟಿತೆಂದು ಎಣಿಸಿ ವೇಗ ಹೇಳುತ್ತದೆ. ಅಂದು ಅದು ಒಮ್ಮೆ ಆಮೆಯ ವೇಗ ಹೇಳಿತು, ಒಮ್ಮೆ ರಾಕೆಟ್ಟಿನ ವೇಗ ಹೇಳಿತು. “ಈ ಬ್ಯಾಟರಿ ಸುಳ್ಳ ಹೇಳತೈತಿ!” ಎಂದು ಸುಭೇದಾರರು ನನ್ನನ್ನು ಬಯ್ದರು. ನಾನೇನು ಮಾಡಲಿ? ಮೇಲೆ ಮೋಡಗಳು ಓಡುತ್ತಿದ್ದವು. ಬೆಳಕು ಅತ್ತಿತ್ತ ಆದಾಗ ಕಣ್ಣು ಮೋಸ ಹೋಗುತ್ತಿತ್ತು. ಮೋಡ ಸರಿಯಿತು, ಲೆಕ್ಕ ಸರಿಹೋಯಿತು.

“ಪಾಪ, ಅದನ್ನ ಬೈದ್ರಲ್ಲ ಕಾಕಾ.”

“ಮತ್ತ ಮೋಡಕ್ಕ ಬೈದ್ರ ಕೇಳತೈತೇನು?”

ಹೀಗೆ ದಿನಗಳು ಹೋದವು. ದಾನೇಶ್ವರಿಯ ಒಂದೊಂದು ಅಭ್ಯಾಸವನ್ನೂ ನಾನು ಕೇಳಿದೆ. ಮೊದಮೊದಲು ಅವಳ ಗುಂಡುಗಳ ನಡುವಿನ ಅಂತರ ಎಡವುವ ನಡಿಗೆಯಂತಿತ್ತು. ಬರಬರುತ್ತ ತಾಳಕ್ಕೆ ಕೂತಿತು. ಆದರೆ ಯಾವುದಾದರೂ ಪಂದ್ಯವಿದ್ದರೆ ಸುಭೇದಾರರು ನನ್ನನ್ನು ಬಿಚ್ಚಿ ಬದಿಗಿಟ್ಟು, ಅಂಗಡಿಯಿಂದ ತಂದ ಹೊಸ ಬ್ಯಾಟರಿ ಹಾಕುತ್ತಿದ್ದರು. “ಅಭ್ಯಾಸಕ್ಕ ಇದು, ಪಂದ್ಯಕ್ಕ ಅದು.” ಇದು ಅವರ ನೇಮ. ಮೇಜಿನ ಮೇಲೆ ಮಲಗಿ ಪಂದ್ಯದ ‘ಪೀಂ’ಗಳನ್ನು ದೂರದಿಂದ ಕೇಳುತ್ತಿದ್ದೆ. ಎಷ್ಟು ಆಸೆಯಾಗುತ್ತಿತ್ತು! ಒಂದೇ ಒಂದು ಸಲ, ಅವಳ ಪಂದ್ಯದ ದಿನ, ಆ ಮೌನದೊಳಗೆ ನಾನಿರಬಾರದೇ?

ಆ ವರ್ಷ ರಾಜ್ಯ ತಂಡಕ್ಕೆ ಈ ಕ್ಲಬ್ಬಿನಿಂದ ಒಬ್ಬರನ್ನು ಆರಿಸುವುದೆಂದು ಸುದ್ದಿ ಬಂತು. ಒಂದೇ ಜಾಗ. ಕಣದಲ್ಲಿ ಉಳಿದವರು ಇಬ್ಬರು, ದಾನೇಶ್ವರಿ ಮತ್ತು ಇಂದೂಧರ. ಇಂದೂಧರ ಚುರುಕು ಹುಡುಗ, ಕೈಗಿಂತ ಬಾಯಿ ಒಂದು ಗುಂಡು ಮುಂದೆ. ಆಯ್ಕೆಯ ಪಂದ್ಯ ದಸರೆಯ ದಿನ ಬೆಳಿಗ್ಗೆ. ಅದರ ಹಿಂದಿನ ದಿನ ಖಂಡೆಪೂಜೆ.

ಖಂಡೆಪೂಜೆಯೆಂದರೆ ಆಯುಧಪೂಜೆ, ಆಯುಧಗಳಿಗೆ ವಿಶ್ರಾಂತಿ. ಆ ದಿನ ಖಣಿಯಲ್ಲಿ ಒಂದು ಗುಂಡೂ ಹಾರುವುದಿಲ್ಲ. ಸುಭೇದಾರರು ಹಿಂದಿನ ಸಂಜೆಯೇ ನನ್ನನ್ನು ತುಂಬ ಚಾರ್ಜು ಮಾಡಿಟ್ಟು, ನೇರ ಮುರಿಗೆಯ್ಯನವರ ಮನೆಗೆ ಹೋಗಿ ಕೈ ಮುಗಿದರಂತೆ: “ಅಯ್ಯಾರ, ನಾಳೆ ಒಂದ್ ಗುಂಡಿನ ಸಪ್ಪಳಾನೂ ಇರೂದಿಲ್ರಿ. ನೀವ ಬಂದು ಪೂಜಿ ಮಾಡಿಕೊಡ್ರಿ. ನಿಮ್ಮ ಮಗಳ ಆಯ್ಕೆ ಐತ್ರಿ.” ಅವರು, “ಸಪ್ಪಳ ಇಲ್ಲಂದ್ರ ಬರ್ತೀನಿ,” ಎಂದರಂತೆ.

ಬಂದರು! ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಪಿಸ್ತೂಲು, ಬಂದೂಕು, ಟೈಮರ್, ಕ್ರೋನೋಗ್ರಾಫ್, ಚಾರ್ಜರು ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಸಾಲಿನ ಕೊನೆಗೆ ನಾನು. ಕಬ್ಬು, ಚೆಂಡು ಹೂವು, ಕುಂಬಳಕಾಯಿ. ಮುರಿಗೆಯ್ಯನವರು ಕಣ್ಣು ಮುಚ್ಚಿ ಆ ಉಸಿರು ಹಿಡಿದರು. ಖಣಿಯಲ್ಲಿ ಅವರ ದನಿ ಎದ್ದಾಗ ಮೂರೂ ಬಂಡೆಗಳು ಅದನ್ನು ಮತ್ತೆ ಮತ್ತೆ ಹೇಳಿದವು. ಮೈಕು ಬೇಕಾಗಲೇ ಇಲ್ಲ. ದಾನೇಶ್ವರಿ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು.

ಆಮೇಲೆ ಅವರು ವಿಭೂತಿಯ ಗಟ್ಟಿಯನ್ನು ಅಂಗೈಯಲ್ಲಿ ನೀರು ಹಾಕಿ ತೇಯ್ದು, ಒಂದೊಂದು ಆಯುಧಕ್ಕೂ ಹಚ್ಚುತ್ತ ಬಂದರು. ಸಾಲಿನ ತುದಿಗೆ ಬಂದಾಗ ನಿಂತರು. ಬಗ್ಗಿ ನೋಡಿದರು. ಕೆಂಪು ‘ಪು’ ಮಾಸಿದ್ದರೂ ಓದಲು ಬರುತ್ತಿತ್ತು.

“ಇದು ನಮ್ಮ ಪುರಾಣದ್ದಲ್ಲೇನವ್ವಾ?”

“ಹೌದ್ ಯಪ್ಪಾ.”

“ಇನ್ನೂ ಐತೇನು?”

“ದಿನಾ ಕೆಲಸಾ ಮಾಡತೈತ್ರಿ.”

ಅವರು ನನ್ನನ್ನು ಅಂಗೈಯ ಮೇಲೆ ಇಟ್ಟುಕೊಂಡರು. ಎಷ್ಟು ವರ್ಷಗಳ ಮೇಲೆ ಆ ಬೆಚ್ಚನೆಯ ಕೈ! ಉಳಿದವರಿಗೆಲ್ಲ ಒಂದು ಬೆರಳಿನ ಬೊಟ್ಟು ಹಚ್ಚಿದ್ದವರು, ನನಗೆ ಮಾತ್ರ ಮೂರು ಬೆರಳುಗಳನ್ನೂ ಅದ್ದಿ ತಲೆಯ ಮೇಲೆ, ಎರಡೂ ಗುಬುಟುಗಳು ಮುಚ್ಚುವಂತೆ, ದಪ್ಪನೆಯ ವಿಭೂತಿ ಬಳಿದರು. ನನ್ನ ಮೈ ಝುಮ್ಮೆಂದಿತು. ಬಂದೂಕುಗಳ ನಡುವೆ ಕುಳಿತ ಒಬ್ಬ ಭಕ್ತನಂತೆ ಆ ದಿನವಿಡೀ ಧನ್ಯನಾಗಿ ಕುಳಿತಿದ್ದೆ. ವಿಭೂತಿ ಒಣಗಿ ಗಟ್ಟಿಯಾಗುತ್ತಿತ್ತು. ಅದರ ಪರಿಣಾಮ ಏನೆಂದು ನನಗಾದರೂ ಹೇಗೆ ತಿಳಿಯಬೇಕು?

ದಸರೆಯ ಬೆಳಿಗ್ಗೆ ಪೂಜೆ ಇಳಿಸಲು ಮುರಿಗೆಯ್ಯನವರು ಮತ್ತೆ ಬಂದರು. ಸುಭೇದಾರರು ಪಿಸ್ತೂಲುಗಳ ಮೇಲಿನ ವಿಭೂತಿಯನ್ನೆಲ್ಲ ಒರೆಸಿ ಎಣ್ಣೆ ಹಾಕಿದರು. ನನ್ನ ತಲೆ ಯಾರಿಗೆ ನೆನಪಾಗಬೇಕು! ಮುರಿಗೆಯ್ಯನವರು ಮನೆಗೆ ಹೊರಟವರು ಗೇಟಿನವರೆಗೆ ಹೋಗಿ, ಅಲ್ಲಿದ್ದ ಬನ್ನಿಮರದ ಕೆಳಗಿನ ಕಲ್ಲಿನ ಮೇಲೆ ಕೂತರು. “ಸಂಜಿಗೆ ಬನ್ನಿ ಹರ್ಕೊಂಡ ಹೋಗೂದೈತಿ,” ಎಂದು ತಮಗೇ ಹೇಳಿಕೊಂಡರು. ಆಗ ಇನ್ನೂ ಬೆಳಗಿನ ಬಿಸಿಲು ಏರಿರಲಿಲ್ಲ. ಶಲ್ಯದ ಅಂಚನ್ನು ಎರಡೂ ಕಿವಿಗೆ ತುರುಕಿಕೊಂಡರು.

ಬೆಂಗಳೂರಿನಿಂದ ನಿರೀಕ್ಷಕಿ ವತ್ಸಲಾ ಮೇಡಂ ಬಂದಿದ್ದರು. ಎರಡು ಮಾತಿಗೊಮ್ಮೆ ರೈಲಿನ ಹೊತ್ತು ನೋಡಿಕೊಳ್ಳುವವರು. ಆರು ತಗಡುಗಳನ್ನು ಯಾರು ಬೇಗ ಬೀಳಿಸುವರೋ ಅವರಿಗೆ ಜಾಗ, ಗೆದ್ದವರು ಮೇಡಂ ಜೊತೆಗೇ ರೈಲು ಹತ್ತಬೇಕು. ಇದು ಪಂದ್ಯ ತಾನೇ? ಹೊಸ ಬ್ಯಾಟರಿಗಳು ಮುಗಿದಿದ್ದರೂ ಸುಭೇದಾರರು ತಮ್ಮ ನೇಮದಂತೆ ನನ್ನನ್ನು ಬಿಟ್ಟು, ಕ್ರೋನೋಗ್ರಾಫಿನಲ್ಲಿ ಉಳಿದಿದ್ದ ಒಂದೇ ಬಾಳಿನವನನ್ನು ಬಿಚ್ಚಿ ಟೈಮರಿಗೆ ಹಾಕಿದರು.

ಮೊದಲು ಇಂದೂಧರ. ಪೀಂ! ಟಣ್ ಟಣ್ ಟಣ್, ಆರೂ ಮಲಗಿದವು. ಗಾಜಿನ ಮೇಲೆ ಏಳು ಸೆಕೆಂಡಿಗೆ ತುಸು ಕಡಿಮೆ. ಒಳ್ಳೆಯ ಹೊಡೆತ. “ರೈಲಿನ್ಯಾಗ ಕಿಟಕಿ ಸೀಟು ನಂದು,” ಎಂದು ನಗುತ್ತ ಬಂದ. ದಾನೇಶ್ವರಿ ಮುಂದೆ ನಿಂತು ಸಿದ್ಧಳಾದಳು. ಸುಭೇದಾರರು ಗುಂಡಿ ಒತ್ತಿದರು. ಮೌನ. ಮೌನ. ಮತ್ತೂ ಮೌನ. ಟೈಮರಿನ ಗಾಜು ಕಪ್ಪಾಗಿತ್ತು. ಬಹಳ ದಿನ ಕ್ರೋನೋಗ್ರಾಫಿನಲ್ಲಿ ದುಡಿದ ಆ ಒಂದೇ ಬಾಳಿನವನು ಇಂದೂಧರನ ಸದ್ದನ್ನು ಕೇಳಿಯೇ ಕಣ್ಣು ಮುಚ್ಚಿದ್ದ.

ಬೇರೆ ಬ್ಯಾಟರಿ ಇಲ್ಲ. ದಸರೆ, ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿವೆ. ಸುಭೇದಾರರು ತುಟಿ ಕಚ್ಚಿ ನನ್ನತ್ತ ಕೈ ಚಾಚಿದರು.

ನನ್ನ ಆಸೆ ಕೈಗೂಡಿತು! ಅವಸರದಲ್ಲಿ ನನ್ನನ್ನು ತಂತಿಯ ಟೊಪ್ಪಿಗೆಗೆ ಒತ್ತಿ, ಬಾಗಿಲು ಮುಚ್ಚಿದರು. ಗಾಜಿಗೆ ಬೆಳಕು ಬಂತು. ಬೆಳಕಿಗೆ ಹನಿಯಷ್ಟು ಶಕ್ತಿ ಸಾಕು, ವಿಭೂತಿಯ ಬಿರುಕುಗಳಲ್ಲಿ ಅಷ್ಟು ನುಸುಳಿತ್ತು. “ಸ್ಟ್ಯಾಂಡ್ ಬೈ!” ಮೌನ ಇಳಿಯಿತು. ನಾನು ತುಂಬಿ ತುಳುಕುತ್ತಿದ್ದೆ. ಕೂಗಿನ ಕ್ಷಣ ಬಂತು, ಟೈಮರ್ ಒಂದೇ ಏಟಿಗೆ ನನ್ನನ್ನು ಎಳೆಯಿತು, ನಾನು ಎಲ್ಲವನ್ನೂ ಕೊಡಲು ಮುನ್ನುಗ್ಗಿದೆ. ತಲೆಯ ಮೇಲಿನ ಗೋಡೆಗೆ ಡಿಕ್ಕಿ ಹೊಡೆದೆ! ‘ಪೀ’ ಎಂದದ್ದು ಅರ್ಧಕ್ಕೇ ಕತ್ತರಿಸಿತು. ಗಾಜು ಕಪ್ಪಾಯಿತು.

ಆದರೆ ದಾನೇಶ್ವರಿಗೆ ಆ ಅರ್ಧ ಕೂಗೇ ಸಾಕಾಗಿತ್ತು. ಟಣ್ಣಟಣ್ಣಟಣ್ ಎಂದು ಆರು ತಗಡುಗಳು, ತಂಬೂರಿಯ ಮೇಲೆ ಬೆರಳು ಎಳೆದಂತೆ, ಒಂದೇ ಸಾಲಾಗಿ ಬಿದ್ದವು. ಇಂಥ ಹೊಡೆತವನ್ನು ಅವಳು ಹಿಂದೆಂದೂ ಹೊಡೆದಿರಲಿಲ್ಲ. ಇಂದೂಧರನ ಬಾಯಿ ಕೂಡ ಮುಚ್ಚಿತ್ತು.

“ಎಷ್ಟಾತು ಕಾಕಾ?”

ಸುಭೇದಾರರು ಟೈಮರನ್ನು ತಿರುಗಿಸಿ ತೋರಿಸಿದರು. ಏನೂ ಇಲ್ಲ.

“ನಾ ಹೇಳಿದ್ನೋ ಇಲ್ಲೋ! ಈ ಚಾರ್ಜಿನ ಬ್ಯಾಟರಿ ನಂಬಬ್ಯಾಡ ಅಂತ ಹೇಳಿದ್ನೋ ಇಲ್ಲೋ!” ಎಂದು ಸುಭೇದಾರರು ಗುಡುಗಿದರು. ನನ್ನನ್ನು ಕಿತ್ತು ಮೂಲೆಯ ಡಬ್ಬಿಗೆ ಎಸೆದರು. ಬರಿದಾದ ದಾಯಾದಿಗಳ ಮೇಲೆ ನಾನು ತುಂಬಿದವನು ಬಿದ್ದೆ. ಕೂಗಿಕೊಂಡೆ: ನಾನು ತುಂಬಿದ್ದೇನೆ! ಕೊರಳಮಟ್ಟ ತುಂಬಿದ್ದೇನೆ! ಬ್ಯಾಟರಿಯ ಕೂಗು ಯಾರಿಗೆ ಕೇಳುತ್ತದೆ?

“ಮೇಡಂ, ಆರೂ ಬಿದ್ದಾವ್ರಿ. ಎಲ್ಲಾರೂ ನೋಡ್ಯಾರ,” ಎಂದಳು ದಾನೇಶ್ವರಿ.

“ಬಿದ್ದಿದ್ದು ನಾನೂ ನೋಡ್ದೆ ಕಣಮ್ಮ. ಆದ್ರೆ ಟೈಮ್ ಎಲ್ಲಿ? ಟೈಮ್ ಇಲ್ದೆ ನಾನೇನು ಬರೀಲಿ?”

“ಮೊಬೈಲಿನ್ಯಾಗ ಗಡಿಯಾರ ಐತಲ್ರಿ,” ಎಂದರು ಸುಭೇದಾರರು.

“ನಿಯಮದಲ್ಲಿ ಇಲ್ಲ ಸುಭೇದಾರ್ರೇ. ಟೈಮರ್ ಸರಿ ಮಾಡ್ಕೊಂಡ್ರೆ ಇನ್ನೊಂದ್ಸಲ ಹೊಡೀಬಹುದು. ಇಲ್ಲಾಂದ್ರೆ ಟೈಮ್ ಇರೋದು ಇವರೊಬ್ಬರದ್ದೇ. ನನಗೆ ಟ್ರೈನ್ ಇದೆ.”

ಇಂದೂಧರ ಕೈಚೀಲ ಹೆಗಲಿಗೇರಿಸಿದ. “ನಾ ಏನ್ ಮಾಡ್ಲಿ ದಾನೇಶ್ವರಿ, ನನ್ನ ಬ್ಯಾಟರಿ ನೆಟ್ಟಗಿತ್ತು,” ಎಂದ. ಆದರೆ ಆ ಮಾತಿನಲ್ಲಿ ಎಂದಿನ ಕುಣಿತವಿರಲಿಲ್ಲ.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ನೇರ ಡಬ್ಬಿಯ ಹತ್ತಿರ ಬಂದಳು. ಕೆಂಪು ‘ಪು’ ಹುಡುಕಿ ನನ್ನನ್ನು ಎತ್ತಿಕೊಂಡಳು. ತಲೆಕೆಳಗಾಗಿ ಹಿಡಿದಳು. ನಾಲಿಗೆಯ ತುದಿಗೆ ಮುಟ್ಟಿಸಿದಳು.

ಚುರ್ ಎನ್ನಲಿಲ್ಲ.

ಆದರೆ ಅವಳು ನನ್ನನ್ನು ಕೆಳಗಿಳಿಸಲಿಲ್ಲ. ಹುಬ್ಬು ಗಂಟಿಕ್ಕಿ, ಮತ್ತೊಮ್ಮೆ ನಾಲಿಗೆ ಸವರಿ ನೋಡಿದಳು. ಚಪ್ಪೆ, ಒಗರು, ನಾಲಿಗೆಗೆ ಅಂಟುವ ನಯವಾದ ಬೂದಿ. ಎಳೆತನದಲ್ಲಿ ಜ್ವರ ಬಂದಾಗಲೆಲ್ಲ ಅಪ್ಪ ಹಣೆಗೆ ಹಚ್ಚಿ ನಾಲಿಗೆಗೂ ಒಂದು ಚಿಟಿಕೆ ಇಡುತ್ತಿದ್ದದ್ದು.

“ಇದು ನಮ್ಮಪ್ಪನ ವಿಭೂತಿ!” ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ತೋರುಬೆರಳ ಉಗುರಿನಿಂದ ನನ್ನ ಹೂವಿನ ಒಂದೊಂದು ದಳವನ್ನೂ ಕೆರೆದು, ದುಂಡನೆಯ ಗುಬುಟನ್ನು ಉಜ್ಜಿ ಉಜ್ಜಿ ಬಿಡಿಸಿದಳು. ಬಂದ ಬೂದಿಯನ್ನು ನೆಲಕ್ಕೆ ಕೊಡವಲಿಲ್ಲ. ಬೆರಳಲ್ಲಿ ತೆಗೆದು ತನ್ನ ಹಣೆಗೆ ಹಚ್ಚಿಕೊಂಡಳು. ಆಮೇಲೆ ನನ್ನ ತಲೆಯನ್ನು ಒಣ ಅರಿವೆಯಿಂದ ಒರೆಸಿ, ಮತ್ತೆ ನಾಲಿಗೆಗೆ ಮುಟ್ಟಿಸಿದಳು.

ಚುರ್!

“ಯವ್ವಾ!” ಎಂದು ಚೀರಿದಳು. “ಕಾಕಾ, ತುಂಬೇತಿ! ಪೂರ್ತಿ ತುಂಬೇತಿ!”

ಸುಭೇದಾರರು ಓಡಿ ಬಂದರು. ನನ್ನನ್ನು ಇಟ್ಟು ಬಾಗಿಲು ಮುಚ್ಚುವಾಗ ಅವರ ದಪ್ಪ ಬೆರಳು ನನ್ನ ಬೆನ್ನು ತಟ್ಟಿದ ಹಾಗೆ ನನಗೆನಿಸಿತು. ತಗಡುಗಳನ್ನು ಎಬ್ಬಿಸಿ ನಿಲ್ಲಿಸಿದರು. ವತ್ಸಲಾ ಮೇಡಂ ಗಡಿಯಾರ ನೋಡುವುದನ್ನು ಬಿಟ್ಟಿದ್ದರು.

ಒಮ್ಮೆ ಬಾಳಿನ ಅತಿ ಒಳ್ಳೆಯ ಹೊಡೆತ ಹೊಡೆದು, ಅದು ಗಾಳಿಗೆ ಹೋದ ಮೇಲೆ, ಮತ್ತೆ ಅದೇ ಜಾಗದಲ್ಲಿ ನಿಲ್ಲುವುದು ಎಂಥ ಕಷ್ಟ! ಅವಳ ಉಸಿರು ಮೇಲೆ ಕೆಳಗೆ ಆಗುತ್ತಿರುವುದು ಟೈಮರಿನ ಕಿವಿಗೆ ಕೇಳುತ್ತಿತ್ತು. “ಸ್ಟ್ಯಾಂಡ್ ಬೈ!” ಆಗ ಅವಳು ಒಂದು ಉಸಿರು ಒಳಗೆ ಎಳೆದು ಹಿಡಿದಳು. ನಾನು ಗುರುತಿಸಿದೆ. ಮಠದ ಅಂಗಳದ ಉಸಿರು ಅದು, ಪದ್ಯ ಎತ್ತುವ ಮೊದಲಿನ ಉಸಿರು! ಅಪ್ಪನಿಂದ ಮಗಳಿಗೆ ಯಾವಾಗ ಬಂತೋ, ಅವಳಿಗೂ ಗೊತ್ತಿರಲಿಕ್ಕಿಲ್ಲ.

ಪೀಂ!

ನನ್ನಲ್ಲಿದ್ದದ್ದನ್ನೆಲ್ಲ ಆ ಕೂಗಿಗೆ ಸುರಿದೆ. ಖಣಿಯ ಮೂರೂ ಬಂಡೆಗಳು ಪೀಂ ಪೀಂ ಎಂದವು. ಟಣ್. ಟಣ್. ಟಣ್. ಟಣ್. ಟಣ್. ಆರನೆಯದು, ಮಣ್ಣಿನ ಧೂಳು! ತಪ್ಪಿತು! ಯಾರೋ “ಅಯ್ಯೋ” ಎಂದರು. ಅವಳು ಕೈ ಅಲುಗಿಸಲಿಲ್ಲ. ಇನ್ನೊಂದು ಗುಂಡು. ಟಣ್!

ಸುಭೇದಾರರು ಗಾಜು ನೋಡಲಿಲ್ಲ, ನೋಡಲು ಧೈರ್ಯ ಸಾಲಲಿಲ್ಲ. ಟೈಮರನ್ನು ಮೇಡಂ ಕೈಗೆ ಕೊಟ್ಟು ಬೆನ್ನು ತಿರುಗಿಸಿ ನಿಂತರು. ಮೇಡಂ ಕನ್ನಡಕ ಏರಿಸಿಕೊಂಡು ಓದಿದರು. ಬರೆದುಕೊಂಡಿದ್ದ ಇಂದೂಧರನದನ್ನೂ ಇನ್ನೊಮ್ಮೆ ನೋಡಿಕೊಂಡರು.

“ಕೂದಲೆಳೆ,” ಎಂದರು. “ಒಂದು ಕೂದಲೆಳೆ ಕಡಿಮೆ. ಬ್ಯಾಗ್ ರೆಡಿ ಮಾಡ್ಕೊಳಮ್ಮ.”

ಆ ಕ್ಷಣದ ಗದ್ದಲದಲ್ಲಿ ಯಾರು ಯಾರನ್ನು ಅಪ್ಪಿಕೊಂಡರೋ! ಸುಭೇದಾರರು ಟೊಪ್ಪಿಗೆ ತೆಗೆದು ಗಾಳಿಗೆ ಎಸೆದರು. ಇಂದೂಧರ ಕೈಚೀಲ ಕೆಳಗಿಟ್ಟು, ಗೇಟಿನ ಹತ್ತಿರದಿಂದ ಒಂದು ಹಿಡಿ ಬನ್ನಿ ಎಲೆ ಹರಿದು ತಂದ. “ಬಂಗಾರ ತಗೋ. ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅಂತಾರ, ನೀ ನೋಡಿದ್ರ ನನ್ನ ಬಂಗಾರಾನ ಕಸ್ಕೊಂಡಿ,” ಎಂದು ಅವಳ ಕೈಗೆ ಸುರಿದ.

ಅಷ್ಟರಲ್ಲಿ ಮುರಿಗೆಯ್ಯನವರು ಎದ್ದು ಬಂದಿದ್ದರು. ಶಲ್ಯದ ಅಂಚು ಕಿವಿಯಿಂದ ಜಾರಿತ್ತು, ಯಾವಾಗ ಜಾರಿತ್ತೋ. ನಡೆದದ್ದನ್ನು ಸುಭೇದಾರರು ಒಂದೇ ಉಸಿರಿಗೆ ಹೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಬಾಡಿತು.

“ನನ್ನ ವಿಭೂತೀನ ನಿನಗ ಅಡ್ಡ ಬಂತೇನವ್ವಾ?”

ದಾನೇಶ್ವರಿ ತನ್ನ ಹಣೆ ತೋರಿಸಿದಳು. “ಅಡ್ಡ ಬಂದಿಲ್ಲ ಯಪ್ಪಾ. ನೀವು ನನ್ನ ಹಣಿ ಬಿಟ್ಟು ಅದರ ಹಣಿಗೆ ಹಚ್ಚಿದ್ರಿ. ನಾ ಇಸ್ಕೊಂಡೆ.”

ಮುರಿಗೆಯ್ಯನವರು ಹತ್ತಿರ ಬಂದರು. ಅವಳ ಹಣೆಯ ಮೇಲೆ ಉಗುರಿನ ಗೆರೆಯಂತೆ ಸೊಟ್ಟಗಿದ್ದ ಆ ಬೂದಿಯನ್ನು ಮೂರು ಬೆರಳಿಂದ ಮೆಲ್ಲಗೆ ಸರಿಮಾಡಿದರು.

ಅಂದಿನಿಂದ ಕ್ಲಬ್ಬಿನಲ್ಲಿ ನೇಮ ಬದಲಾಯಿತು. ಸುಭೇದಾರರು ನನ್ನಂಥವರನ್ನೇ ಇನ್ನೂ ನಾಲ್ವರನ್ನು ತರಿಸಿದರು. ಪಂದ್ಯದ ಹಿಂದಿನ ಸಂಜೆ ಚಾರ್ಜು, ಹಾಕುವ ಮುನ್ನ ಒಣ ಅರಿವೆಯಿಂದ ತಲೆ ಒರೆಸುವುದು, ಜೊತೆಗೊಬ್ಬ ತುಂಬಿದವನು ಜೇಬಿನಲ್ಲಿ. ಹೊಸದಾಗಿ ಬಂದವರು ಚಾರ್ಜಿನ ಬ್ಯಾಟರಿಯ ಬಗ್ಗೆ ಮೂಗು ಮುರಿದರೆ, “ಅದರ ಅರ್ಧ ಅಂದ್ರ ಪೂರ್ತಿ, ತಿಳೀತೇನು?” ಎಂದು ಗುಡುಗುತ್ತಾರೆ, ತಾವೇ ಕಂಡುಹಿಡಿದವರಂತೆ! ಮೂಲೆಯ ಡಬ್ಬಿ ಈಗ ಬೇಗ ತುಂಬುವುದಿಲ್ಲ.

ನನಗೀಗ ಮುಪ್ಪು. ಎಷ್ಟು ಹೊತ್ತು ಚಾರ್ಜರಿನಲ್ಲಿ ಕೂತರೂ ತುಂಬುವುದು ಒಂದು ಬೊಗಸೆ, ಅದೂ ಬೇಗ ಸೋರಿಹೋಗುತ್ತದೆ. ‘ಪೀಂ’ ಎಂದು ಕೂಗುವ ಬಲ ನನಗಿಲ್ಲ. ಆದರೂ ಯಾರೂ ನನ್ನನ್ನು ಡಬ್ಬಿಗೆ ಹಾಕಲಿಲ್ಲ. ಕಚೇರಿಯ ಕಿಟಕಿಯಲ್ಲಿ, ರಾಜ್ಯ ತಂಡದ ಅಂಗಿ ತೊಟ್ಟ ದಾನೇಶ್ವರಿಯ ಚಿತ್ರದ ಪಕ್ಕದಲ್ಲಿ ನನಗೊಂದು ಜಾಗ ಕೊಟ್ಟಿದ್ದಾರೆ. ಅಲ್ಲಿಂದ ಖಣಿಯ ಸದ್ದೆಲ್ಲ ಕೇಳುತ್ತದೆ. ಒಂದು ಕಾಲಕ್ಕೆ ದನಿಯನ್ನು ಹೊತ್ತೆ, ಇನ್ನೊಂದು ಕಾಲಕ್ಕೆ ಕಿವಿಗೊಟ್ಟೆ. ಎರಡರಲ್ಲೂ ನನಗೆ ಹೆಚ್ಚು ಇಷ್ಟವಾದದ್ದು ಸದ್ದಿಗೆ ಮುಂಚಿನ ಆ ಉಸಿರು. ಅದನ್ನು ಕೇಳಲು ಈಗಲೂ ಬಲ ಬೇಕಿಲ್ಲ.

ಪ್ರತಿ ಖಂಡೆಪೂಜೆಗೆ ಮುರಿಗೆಯ್ಯನವರು ತಪ್ಪದೆ ಬರುತ್ತಾರೆ. ಸಾಲಿನ ತುದಿಯಲ್ಲಿ ನನ್ನನ್ನು ಎತ್ತಿಕೊಂಡು ಮೂರು ಬೆರಳು ಅದ್ದಿದ ಕೂಡಲೇ ಸುಭೇದಾರರು ಕೂಗುತ್ತಾರೆ: “ಅಯ್ಯಾರ, ಹೊಟ್ಟಿಗ್ರಿ, ಹೊಟ್ಟಿಗಿ!” ಎಲ್ಲರೂ ನಗುತ್ತಾರೆ. ಅವರು ಕೆಂಪು ‘ಪು’ವಿನ ಕೆಳಗೆ, ಹೊಟ್ಟೆಯ ಮೇಲೆ, ನೀಟಾಗಿ ಹಚ್ಚುತ್ತಾರೆ.

ಈ ಸಲ ದಾನೇಶ್ವರಿಯೂ ಬಂದಿದ್ದಳು. ಪೂಜೆ ಮುಗಿದ ಮೇಲೆ, ಅಪ್ಪ ನೋಡುತ್ತಿರುವಾಗಲೇ, ನನ್ನನ್ನು ತಲೆಕೆಳಗಾಗಿ ಹಿಡಿದು ನಾಲಿಗೆಗೆ ಮುಟ್ಟಿಸಿದಳು. “ಥೂ, ಹೊಲಸು,” ಎಂದರು ಅವರು, ಹಿಂದಿನಂತೆಯೇ. ನನ್ನಲ್ಲಿ ಉಳಿದಿದ್ದ ಹನಿಗಳನ್ನೆಲ್ಲ ಒಟ್ಟುಗೂಡಿಸಿ ತಲೆಯವರೆಗೆ ತಂದೆ.

ಅವಳು ಕಣ್ಣು ಕಿರಿದು ಮಾಡಿದಳು.

“ಐತಿ ಯಪ್ಪಾ,” ಎಂದಳು. “ಇನ್ನೂ ಐತಿ.”